ಆರ್‌ವಿ ಕ್ಯಾಂಪ್‌ಗ್ರೌಂಡಿನ ಕರೆಂಟು: 30 ಆಂಪ್, 50 ಆಂಪ್ ಮತ್ತು ಹಂಚಿಕೆಯ ಲೆಕ್ಕ

ಅಮೆರಿಕದ ಸಾರ್ವಜನಿಕ ಉದ್ಯಾನಗಳಲ್ಲಿ, ಒಳಗೇ ವಾಸಿಸಬಹುದಾದ ಪ್ರವಾಸದ ಗಾಡಿಯಾದ ಆರ್‌ವಿ ನಿಲ್ಲಿಸಿದಾಗ ಕರೆಂಟು ಸಿಗುತ್ತದೆಯೋ ಇಲ್ಲವೋ ಎಂಬುದು ಬಹುಮಟ್ಟಿಗೆ ಆ ಉದ್ಯಾನವನ್ನು ಯಾರು ನಡೆಸುತ್ತಾರೆ ಎಂಬುದನ್ನು ಅವಲಂಬಿಸಿದೆ. ರಾಷ್ಟ್ರೀಯ ಉದ್ಯಾನಗಳ ಹೆಚ್ಚಿನ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಅದು ಇಲ್ಲ. ಯೆಲ್ಲೋಸ್ಟೋನ್‌ನಷ್ಟು ವಿಶಾಲವಾದ ಉದ್ಯಾನದಲ್ಲೂ ಫಿಶಿಂಗ್ ಬ್ರಿಡ್ಜ್ ಆರ್‌ವಿ ಪಾರ್ಕ್ ಒಂದರಲ್ಲಿ ಮಾತ್ರ ವಿದ್ಯುತ್ ಸಂಪರ್ಕವಿದೆ. ರಾಜ್ಯ ಉದ್ಯಾನಗಳಲ್ಲಿ ಮತ್ತು ಸೇನೆಯ ಎಂಜಿನಿಯರಿಂಗ್ ವಿಭಾಗವಾದ ಆರ್ಮಿ ಕೋರ್ ಆಫ್ ಎಂಜಿನಿಯರ್ಸ್ ನಿರ್ವಹಿಸುವ ಜಲಾಶಯಗಳ ದಡದಲ್ಲಿ ಸಂಪರ್ಕ ಸಿಗುವ ಸಾಧ್ಯತೆ ಹೆಚ್ಚು.

ಗಾಡಿ ನಿಲ್ಲಿಸುವ ಜಾಗ ಕಾಯ್ದಿರಿಸುವಾಗ ಕಾಣುವ 30 ಆಂಪ್ ಮತ್ತು 50 ಆಂಪ್‌ಗಳ ನಡುವಿನ ಅಂತರವನ್ನು 20 ಆಂಪ್ ಎಂದು ಭಾವಿಸುವವರೇ ಹೆಚ್ಚು, ಆದರೆ ನಿಜವಾದ ಅಂತರ ಅದಕ್ಕಿಂತ ಬಹಳ ದೊಡ್ಡದು. ಮೂರು ಪಿನ್ನಿನ 30 ಆಂಪ್ ಸಾಕೆಟ್ಟಿನಲ್ಲಿ 120 ವೋಲ್ಟಿನ ಒಂದೇ ಲೈನ್ ಇರುವುದರಿಂದ ಒಟ್ಟು 3,600 ವ್ಯಾಟ್ ದೊರೆಯುತ್ತದೆ. ನಾಲ್ಕು ಪಿನ್ನಿನ 50 ಆಂಪ್ ಸಾಕೆಟ್ಟಿನಲ್ಲಿ ಅಂತಹ ಎರಡು ಲೈನ್‌ಗಳಿದ್ದು, ಒಂದೊಂದೂ 50 ಆಂಪ್ ಕೊಡುವುದರಿಂದ ಮೊತ್ತ 12,000 ವ್ಯಾಟ್‌ಗೆ ಮುಟ್ಟುತ್ತದೆ. 30 ಆಂಪ್ ಜಾಗದಲ್ಲಿ ಒಂದು ಎ.ಸಿ. ಓಡುತ್ತಿರುವಾಗ, ಸುಮಾರು 12 ಆಂಪ್ ಎಳೆಯುವ ಬಿಸಿನೀರಿನ ಕಾಯಿಲ್ ಜೊತೆಗೆ ಮೈಕ್ರೋವೇವ್ ಕೂಡ ಚಾಲೂ ಆದರೆ, ಮಿತಿ ಮೀರಿದಾಗ ಕರೆಂಟು ಕಡಿಯುವ ಬ್ರೇಕರ್ ಬೀಳುವುದು ಖಚಿತ. ಇದನ್ನು ದೋಷವೆಂದು ದೂರುವುದು ಸರಿಯಲ್ಲ, ಏಕೆಂದರೆ ಬ್ರೇಕರ್ ತನ್ನ ಕೆಲಸವನ್ನೇ ಮಾಡಿರುತ್ತದೆ.

ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಮುಖ್ಯವಾದುದು ಸಾಕೆಟ್ಟಿನ ಹಿಂದಿರುವ, ಯಾರ ಕಣ್ಣಿಗೂ ಬೀಳದ ಲೆಕ್ಕ. ಎಲ್ಲ ಜಾಗಗಳೂ ಏಕಕಾಲಕ್ಕೆ ಪೂರ್ಣ ಕರೆಂಟು ಎಳೆಯುವುದಿಲ್ಲ ಎಂಬ ನಂಬಿಕೆಯ ಮೇಲೆ, ಅಮೆರಿಕದ ರಾಷ್ಟ್ರೀಯ ವಿದ್ಯುತ್ ಸಂಹಿತೆಯ 551ನೇ ಪ್ರಕರಣವು 36 ಅಥವಾ ಅದಕ್ಕಿಂತ ಹೆಚ್ಚು ಜಾಗಗಳಿಗೆ ಹೋಗುವ ಮುಖ್ಯ ಕೇಬಲ್ಲನ್ನು ಒಟ್ಟು ಬೇಡಿಕೆಯ ಕೇವಲ 41 ಶೇಕಡಾಕ್ಕೆ ಲೆಕ್ಕ ಹಾಕಲು ಅವಕಾಶ ಕೊಟ್ಟಿದೆ. ಹವೆ ಹಿತವಾಗಿರುವ ದಿನಗಳಲ್ಲಿ ಈ ನಂಬಿಕೆ ಹುಸಿಯಾಗುವುದಿಲ್ಲ. ಆದರೆ ಬೇಸಿಗೆಯ ಮಧ್ಯಾಹ್ನ, ಜಾಗಗಳೆಲ್ಲ ತುಂಬಿ ಪ್ರತಿಯೊಂದು ಗಾಡಿಯ ಮೇಲೂ ಎ.ಸಿ. ಮೊರೆಯತೊಡಗಿದಾಗ, ಅದರಲ್ಲೂ ಒಂದೇ ಎ.ಸಿ.ಯ ಚಿಕ್ಕ ಟ್ರೇಲರ್‌ಗಳ ಕಾಲದಲ್ಲಿ ಕೇಬಲ್ ಹೂತಿರುವ ಹಳೆಯ ಉದ್ಯಾನಗಳಲ್ಲಿ, ಸಾಲಿನ ಕೊನೆಯ ಜಾಗವನ್ನು ತಲುಪುವ ಹೊತ್ತಿಗೆ ವೋಲ್ಟೇಜ್ ಗಣನೀಯವಾಗಿ ಕುಸಿದಿರಬಹುದು. ವೋಲ್ಟೇಜ್ ಇಳಿದರೆ ಎ.ಸಿ. ಸುಮ್ಮನೆ ನಿಧಾನವಾಗುವುದಿಲ್ಲ, ಕಂಪ್ರೆಸರ್‌ನ ಮೋಟಾರು ಅದೇ ಕೆಲಸಕ್ಕಾಗಿ ಹೆಚ್ಚು ಕರೆಂಟು ಎಳೆದು, ಒಳಗಿನ ಸುರುಳಿ ಕಾಯ್ದು, ಕಾಲಕ್ರಮದಲ್ಲಿ ಸುಟ್ಟುಹೋಗುತ್ತದೆ. ಆದ್ದರಿಂದಲೇ ವೋಲ್ಟೇಜ್‌ನ ಹಠಾತ್ ಏರಿಕೆಯನ್ನು ಮಾತ್ರ ತಡೆಯುವ ಬರಿಯ ಸರ್ಜ್ ಪ್ರೊಟೆಕ್ಟರ್‌ಗಿಂತ, ಸುಮಾರು 104 ವೋಲ್ಟಿಗಿಂತ ಕೆಳಗಿಳಿದರೆ ತಾನಾಗಿಯೇ ಸಂಪರ್ಕ ಕಡಿಯುವ ಉಪಕರಣಕ್ಕೆ ಹಣ ಹಾಕುವುದು ಲೇಸೆಂದು ನಾನು ಹೇಳುತ್ತೇನೆ. ಗೋಡೆ ಸಾಕೆಟ್ಟಿಗೆ ಸಿಕ್ಕಿಸುವ ಪುಟ್ಟ ವೋಲ್ಟ್ ಮೀಟರ್ ಕೂಡ ಇರಲಿ, ಅದರ ಬೆಲೆ ಅಲ್ಪ.

ತಾನಾಗಿಯೇ ಸಂಪರ್ಕ ಕಡಿಯುವ ಆ ಉಪಕರಣ ಇನ್ನೊಂದು ಅಪಾಯವನ್ನೂ ಹಿಡಿಯುತ್ತದೆ. 50 ಆಂಪ್ ಸಾಕೆಟ್ಟಿನಲ್ಲಿ ಕರೆಂಟು ಮರಳುವ ದಾರಿಯಾದ ನ್ಯೂಟ್ರಲ್ ತಂತಿ ಸಡಿಲವಾಗಿದ್ದರೆ ಎರಡು ಲೈನ್‌ಗಳ ನಡುವಿನ 240 ವೋಲ್ಟ್ ಸಮನಾಗಿ ಹಂಚಿಕೆಯಾಗದೆ, ಒಂದು ಬದಿಯಲ್ಲಿ ಇಳಿದು ಇನ್ನೊಂದು ಬದಿಯಲ್ಲಿ ವಿಪರೀತವಾಗಿ ಏರಿ, ಆ ಬದಿಯ ಟಿ.ವಿ., ಮೈಕ್ರೋವೇವ್‌ಗಳು ಕ್ಷಣಮಾತ್ರದಲ್ಲಿ ಹಾಳಾಗಬಹುದು.

ಪ್ಲಗ್ ಹಾಕುವ ಮುನ್ನ, ಸಾಕೆಟ್ ಮತ್ತು ಬ್ರೇಕರ್ ಇರುವ ಕಂಬವಾದ ಪೆಡೆಸ್ಟಲ್‌ನ ಮುಚ್ಚಳ ಎತ್ತಿ ಸಾಕೆಟ್ಟನ್ನು ಕಣ್ಣಾರೆ ನೋಡಬೇಕು. ಸೀಳುಗಳ ಸುತ್ತಲಿನ ಪ್ಲಾಸ್ಟಿಕ್ ಕಂದುಗಟ್ಟಿದ್ದರೆ, ಅಂಚು ಕರಗಿ ಮತ್ತೆ ಗಟ್ಟಿಯಾದಂತೆ ಕಂಡರೆ ಅಥವಾ ಪ್ಲಗ್ ಯಾವ ಬಿಗಿಯೂ ಇಲ್ಲದೆ ಸಲೀಸಾಗಿ ಒಳಗೆ ಹೋದರೆ, ಒಳಗಿನ ಲೋಹದ ಹಿಡಿತ ಸವೆದಿದೆ ಎಂದರ್ಥ. ದಿನವೂ ಹೊಸಬರು ಬಂದು ಹಾಕಿ ಕೀಳುವ, ಬಿಸಿಲುಮಳೆಯಲ್ಲಿ ನಿಂತ ಸಾಕೆಟ್ಟಿಗೆ ಈ ಗತಿ ಬರುವುದರಲ್ಲಿ ಆಶ್ಚರ್ಯವೇನಿಲ್ಲ. ಅಂತಹ ಸಾಕೆಟ್ಟನ್ನು ಬಳಸದೆ ಸಿಬ್ಬಂದಿಗೆ ತಿಳಿಸಿ, ಬೇರೆ ಜಾಗ ಕೇಳುವುದು ಒಳ್ಳೆಯದು. ಸಾಕೆಟ್ ಚೆನ್ನಾಗಿದ್ದರೂ ಬ್ರೇಕರ್ ಆರಿಸಿದ ನಂತರವೇ ಪ್ಲಗ್ ಹಾಕಬೇಕು, ಹೊರಡುವಾಗಲೂ ಮೊದಲು ಎ.ಸಿ., ಆಮೇಲೆ ಬ್ರೇಕರ್ ಆರಿಸಿ, ಕೊನೆಗೆ ಪ್ಲಗ್ ತೆಗೆಯಬೇಕು.