ಮಾಥ್ಸನ್ನರ ಕುರ್ಚಿ, ನಮ್ಮ ಜಗುಲಿ

ಶಿರಸಿ ಸಮೀಪದ ನಮ್ಮ ಮನೆಯ ಜಗುಲಿಯಲ್ಲಿ ಅಜ್ಜನ ಕಾಲದ ಆರಾಮ ಕುರ್ಚಿಯೊಂದಿದೆ. ಸಾಗುವಾನಿಯ ಚೌಕಟ್ಟು, ಎರಡು ಕೋಲುಗಳ ನಡುವೆ ಜೋತುಬಿದ್ದ ದಪ್ಪ ಬಟ್ಟೆ, ಅದರಲ್ಲಿರುವುದು ಇಷ್ಟೇ. ಮಳೆಗಾಲಕ್ಕೆ ಮುನ್ನ ಅದನ್ನು ಸರಿಪಡಿಸಲು ಬಂದ ಆಚಾರಿಯವರು ಬಟ್ಟೆಯ ಜೋಲನ್ನು ನಿರ್ಧರಿಸಲು ಅಳತೆಪಟ್ಟಿ ಹಿಡಿಯಲಿಲ್ಲ. ನನ್ನನ್ನೇ ಅದರಲ್ಲಿ ಕೂರಿಸಿ, ಸೊಂಟ ಎಲ್ಲಿ ನಿಲ್ಲುತ್ತದೆ, ಮುಂದಿನ ಕೋಲು ತೊಡೆಯನ್ನು ಒತ್ತುತ್ತದೆಯೇ ಎಂದು ಬಗ್ಗಿ ನೋಡಿದರು. ನನಗೆ ಆಗ ನೆನಪಾದವರು ಸ್ವೀಡನ್ನಿನ ಪೀಠೋಪಕರಣ ವಿನ್ಯಾಸಕ ಬ್ರೂನೊ ಮಾಥ್ಸನ್.

1907ರಲ್ಲಿ ವ್ಯಾರ್ನಮೊ ಎಂಬ ಸಣ್ಣ ಊರಿನಲ್ಲಿ, ತಲೆಮಾರುಗಳಿಂದ ಮರಗೆಲಸ ನಡೆಸಿಕೊಂಡು ಬಂದ ಮನೆತನದಲ್ಲಿ ಹುಟ್ಟಿದ ಅವರು ತಂದೆ ಕಾರ್ಲ್ ಅವರ ಕೈಕೆಳಗೇ ಕೆಲಸ ಕಲಿತರು. ಕುರ್ಚಿಯೆಂದರೆ ಸ್ಪ್ರಿಂಗು, ಮೆತ್ತೆ, ಅದರ ಮೇಲೊಂದು ಹೊದಿಕೆ ಎಂದು ಎಲ್ಲರೂ ನಂಬಿದ್ದ ಕಾಲದಲ್ಲಿ, 1931ರಲ್ಲಿ, ಊರಿನ ಆಸ್ಪತ್ರೆಗೆಂದು ಮಾಡಿದ ಕುರ್ಚಿಯಿಂದ ಅವರು ಅವೆಲ್ಲವನ್ನೂ ತೆಗೆದುಹಾಕಿ, ಕುದುರೆಯ ಜೀನು ಬಿಗಿಯುವ ಪಟ್ಟಿಗಳನ್ನು ಅಡ್ಡ ಉದ್ದವಾಗಿ ಹೆಣೆದರು. ‘ಮಿಡತೆ’ ಎಂದು ಮುಂದೆ ಹೆಸರಾದ ಆ ಕುರ್ಚಿ ಆಸ್ಪತ್ರೆಯವರಿಗೆ ಹಿಡಿಸದೆ ಕಣ್ಣಿಗೆ ಬೀಳದ ಜಾಗ ಸೇರಿತು.

ಆದರೂ ಅವರು ಹಿಂದೆಗೆಯಲಿಲ್ಲ. ಮನುಷ್ಯ ಹೇಗೆ ಕೂರುತ್ತಾನೆ ಎಂಬುದೇ ಅವರ ಮುಖ್ಯ ಪ್ರಶ್ನೆಯಾಯಿತು. ಹಿಮದ ರಾಶಿಯಲ್ಲಿ ಕುಳಿತೆದ್ದು, ಅಲ್ಲಿ ಮೂಡಿದ ಮೈಯ ಅಚ್ಚನ್ನು ಪರಿಶೀಲಿಸಿದರೆಂಬ ಮಾತು ಅವರ ಬಗ್ಗೆ ಪ್ರಚಲಿತವಾಗಿದೆ. ಕೆಲಸಕ್ಕೆ ಕೂರುವ ಭಂಗಿ, ವಿಶ್ರಾಂತಿಗೆ ಒರಗುವ ಭಂಗಿ, ಕಾಲು ಚಾಚಿ ಮಲಗುವ ಭಂಗಿ ಎಂದು ಮೂರಾಗಿ ವಿಂಗಡಿಸಿ, ಒಂದೊಂದಕ್ಕೂ ಬೇರೆ ಬೇರೆ ಕುರ್ಚಿ ರೂಪಿಸಿದರು. ತೆಳುವಾದ ಮರದ ಪದರಗಳನ್ನು ಅಂಟಿನಿಂದ ಕೂಡಿಸಿ, ಅಚ್ಚಿನಲ್ಲಿ ಒತ್ತಿ ಬಾಗಿಸಿದ ಕಾಲುಗಳು ಅವುಗಳಿಗೆ ಹಗುರವಾದ ನಿಲುವು ಕೊಟ್ಟವು. 1936ರಲ್ಲಿ ಗೋಥೆನ್‌ಬರ್ಗಿನ ರೋಸ್ಕಾ ವಸ್ತುಸಂಗ್ರಹಾಲಯದಲ್ಲಿ, ಮರುವರ್ಷ ಪ್ಯಾರಿಸ್ಸಿನಲ್ಲಿ ಪ್ರದರ್ಶನಗಳಾದವು. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವೂ ಈ ಕುರ್ಚಿಗಳನ್ನು ತರಿಸಿಕೊಂಡಿತು. ಯುದ್ಧಕಾಲದಲ್ಲಿ ಸೆಣಬಿನಂಥ ನಾರು ದುರ್ಲಭವಾದಾಗ ಕಾಗದದಿಂದ ಮಾಡಿದ ಪಟ್ಟಿಗಳನ್ನೇ ಹೆಣೆದರು. ಹೆಣಿಗೆಯ ವಸ್ತು ಬದಲಾದರೂ ಕುರ್ಚಿಯ ಬಾಗು ಬದಲಾಗಲಿಲ್ಲವೆಂಬುದೇ, ನನ್ನ ದೃಷ್ಟಿಯಲ್ಲಿ, ಆ ವಿನ್ಯಾಸದ ನಿಜವಾದ ಹಿರಿಮೆ.

ಮುಂದೆ ಅವರು ಗಾಜಿನ ಮನೆಗಳನ್ನು ಕಟ್ಟಿದರು. 1960ರ ದಶಕದಲ್ಲಿ ಡೆನ್ಮಾರ್ಕಿನ ಕವಿ, ವಿನ್ಯಾಸಕ ಪೀಟ್ ಹೈನ್ ಅವರೊಡನೆ ಮೇಜುಗಳನ್ನೂ ರೂಪಿಸಿದರು. ಆದರೆ ನನ್ನ ಮನಸ್ಸು ಮರಳುವುದು ಆ ಹೆಣೆದ ಪಟ್ಟಿಗಳಿಗೇ. ಜೂನ್ ತಿಂಗಳಿನಿಂದ ತಿಂಗಳುಗಟ್ಟಲೆ ತೇವ ಆರದ ನಮ್ಮ ಕಡೆ ಮೆತ್ತೆಯ ಸೋಫಾಗಳಿಗೆ ಬೂಷ್ಟು ಹಿಡಿಯುವುದನ್ನು ಪ್ರತಿವರ್ಷ ನೋಡುತ್ತೇನೆ. ಬೆತ್ತದ ಹೆಣಿಗೆಯ ಕುರ್ಚಿ, ನವಾರದ ಮಂಚಗಳಿಗೆ ಗಾಳಿಯಾಡುವುದರಿಂದ ಅವು ಬೇಗ ಒಣಗುತ್ತವೆ. ಚಳಿಯ ನಾಡಿನ ಆ ಕುರ್ಚಿಯ ತತ್ವ ಮಲೆನಾಡಿಗೂ ಇಷ್ಟು ಚೆನ್ನಾಗಿ ಒಪ್ಪುತ್ತದೆ.

ಆಚಾರಿಯವರು ಕೋಲು ಬಿಚ್ಚಿ, ಹೊಲಿಗೆಯನ್ನು ಎರಡು ಬೆರಳಿನಷ್ಟು ಸರಿಸಿ, ಮತ್ತೆ ಕೂರಲು ಹೇಳಿದರು. ತೊಡೆಗೆ ಒತ್ತುತ್ತಿದ್ದ ಕೋಲು ಈಗ ಒತ್ತುತ್ತಿಲ್ಲ.