ಟಿವಿ ಗೂಡು, ಅಪ್ಪಯ್ಯನ ಕ್ಯಾಸೆಟ್‌ಗಳು

ಸಾಗರ, 21 ಏಪ್ರಿಲ್ 2024, ಭಾನುವಾರ

ಟಿವಿ ಗೂಡಿನ ಕೆಳಗಿನ ಪೆಟ್ಟಿಗೆ ಇವತ್ತು ನಿಂತಿತು. 6 ಅಡಿ ಉದ್ದ, 15 ಇಂಚು ಆಳ. ರಸಮಟ್ಟ ಇಟ್ಟು ನೋಡಿದೆ, ಗುಳ್ಳೆ ನಡುವಲ್ಲೇ ನಿಂತಿತು. ತುಂಬಾ ಖುಷಿಯಾಯಿತು.

ಕಾಲು 6 ಇಂಚು ಕೊಟ್ಟಿದ್ದೇನೆ. ನಮ್ಮ ಕಡೆ ಮಳೆಗಾಲದಲ್ಲಿ ನೆಲವೇ ಬೆವರುತ್ತದೆ. ಪ್ಲೈವುಡ್ ನೆಲಕ್ಕೆ ತಾಗಿದರೆ ಅಂಚಿನಿಂದ ನೀರು ಹೀರಿ ಉಬ್ಬುತ್ತದೆ, ಗೆದ್ದಲು ಹತ್ತಿದರೂ ಗೊತ್ತಾಗುವುದಿಲ್ಲ. ಚೌಕಟ್ಟಿಗೆ 18 ಎಂಎಂ ಪ್ಲೈವುಡ್ ತಂದೆ. ಪ್ಲೈವುಡ್‌ನ ಭಾರತೀಯ ಮಾನಕ ಐಎಸ್ 303ರ ಮುದ್ರೆ ಇದ್ದರೆ ಸಾಲದು, ಅದರಲ್ಲೇ ಎಂಆರ್ (ತೇವ ತಡೆಯುವುದು), ಬಿಡಬ್ಲ್ಯುಆರ್ (ಕುದಿನೀರನ್ನೂ ತಡೆಯುವುದು) ಅಂತ ಎರಡು ಬಗೆ. ಮಲೆನಾಡಿಗೆ ಬಿಡಬ್ಲ್ಯುಆರ್‌ನದೇ ಬೇಕು.

ಬಾಗಿಲಿಗೆ, ಗೂಡುಗಳಿಗೆ ಅಟ್ಟದ ಮೇಲಿದ್ದ ಹಲಸಿನ ಹಲಗೆ. ಹಳೇ ಮನೆ ಬಿಚ್ಚಿದಾಗ ಉಳಿಸಿಟ್ಟದ್ದು. ಮರದ ಮೈ ಹೆರೆಯುವ ತೋಪಡ ಹೊಡೆಯುತ್ತಾ ಹೋದ ಹಾಗೆ, ಹೊಗೆ ಹಿಡಿದು ಕಪ್ಪಾಗಿದ್ದ ಮೈ ಸುರುಳಿ ಸುರುಳಿಯಾಗಿ ಎದ್ದು ಹೋಗಿ, ಒಳಗಿನ ಹೊಂಬಣ್ಣ ಕಾಣಿಸಿತು. ಇದಕ್ಕೆ ಬಣ್ಣ ಬಳಿಯಲು ಮನಸ್ಸಾದರೂ ಹೇಗೆ ಬರುತ್ತದೆ? ಪಕ್ಕದ ಮನೆ ಆಚಾರ್ರು ಬಂದು ಬೆರಳಾಡಿಸಿ ನೋಡಿದರು. "ಸ್ಕ್ರೂ ತೂತು ಸ್ವಲ್ಪ ಉದ್ದುದ್ದ ಕೊರೀರಿ ಮಾರಾಯ್ರೆ. ಮಳೆಗಾಲದಲ್ಲಿ ಹಲಗೆ ಅಗಲಕ್ಕೆ ಹಿಗ್ಗುತ್ತೆ. ಬಿಗಿಯಾಗಿ ಕೂರಿಸಿದ್ರೆ ಸೀಳತ್ತೆ" ಅಂದರು. ಹಾಗೇ ಮಾಡಿದೆ.

ಇಷ್ಟೆಲ್ಲ ಟಿವಿಗೋಸ್ಕರ ಅಲ್ಲ. ಟಿವಿ ಇವತ್ತು ಇದು, ನಾಳೆ ಇನ್ನೊಂದು. ಅಪ್ಪಯ್ಯನ ಯಕ್ಷಗಾನದ ಕ್ಯಾಸೆಟ್‌ಗಳಿವೆಯಲ್ಲ, ಅವಕ್ಕೊಂದು ಜಾಗ ಬೇಕಿತ್ತು. ಯಕ್ಷಗಾನದ ಹಾಡುಗಾರ, ಭಾಗವತ ಕಾಳಿಂಗ ನಾವಡರು ತೀರಿಕೊಂಡದ್ದು 1990ರಲ್ಲಿ. ನಮ್ಮ ಮನೆಗೆ ಅವರ ದನಿ ಅಂದರೆ ಈಗಲೂ ಈ ರೀಲುಗಳೇ. ಅಂಗಡಿಯಲ್ಲಿ ಸಿಗುವ ಟಿವಿ ಯೂನಿಟ್‌ಗಳಲ್ಲಿ ಹೂದಾನಿಗೆ ಜಾಗ ಇರುತ್ತದೆ, ಕ್ಯಾಸೆಟ್ಟಿಗೆ ಇರುವುದಿಲ್ಲ.

ಕ್ಯಾಸೆಟ್ ಡಬ್ಬಿ ನಿಲ್ಲಿಸಿದರೆ ಸುಮಾರು 11 ಸೆಂಮೀ ಎತ್ತರ, 1.7 ಸೆಂಮೀ ದಪ್ಪ. 2 ಅಡಿ ಅಗಲದ ಗೂಡಲ್ಲಿ ಒಂದು ಸಾಲಿಗೆ 35 ಹಿಡಿಯುತ್ತವೆ. ಸಿಡಿ ಡಬ್ಬಿ ಹನ್ನೆರಡೂವರೆ ಸೆಂಮೀ. ಹಾಗಾಗಿ ಗೂಡಿನ ಎತ್ತರ 15 ಸೆಂಮೀ ಇಟ್ಟೆ, ಬೆರಳು ಹಾಕಿ ತೆಗೆಯಲು ಜಾಗ ಬೇಕಲ್ವಾ. ಈ ಗೂಡುಗಳ ಸಾಲು ಎಡಕ್ಕೆ, 43 ಇಂಚಿನ ಟಿವಿ ಬಲಕ್ಕೆ. ಕೂತಾಗ ಕಣ್ಣು ನೆಲದಿಂದ 40 ಇಂಚಿಗೆ ಬರುತ್ತದೆ, ಪರದೆಯ ನಡುಭಾಗ ಅಲ್ಲಿಗೇ ಹೊಂದಿಸಿದೆ.

ರೀಲಿಗೆ ಬೂಷ್ಟು, ಬಿಸಿ, ಅಯಸ್ಕಾಂತ ಮೂರೂ ಆಗುವುದಿಲ್ಲ. ಅದಕ್ಕೇ ಸ್ಪೀಕರ್, ಸೆಟ್‌ಟಾಪ್ ಬಾಕ್ಸ್ ಬಲತುದಿಗೆ ಹೋದವು. ಬೆನ್ನಿಗೆ ಹಲಗೆ ಹೊಡೆಯಲಿಲ್ಲ, ಗಾಳಿಯಾಡಲಿ. ಮಳೆ ಹೊಡೆಯುವ ಹೊರಗೋಡೆ ಬಿಟ್ಟು ಅಡುಗೆಮನೆ ಕಡೆಯ ಗೋಡೆ ಆರಿಸಿದ್ದೂ ಬೂಷ್ಟಿಗೆ ಹೆದರಿಯೇ. ಒಲೆಯ ಕಾವಿಗೆ ಆ ಗೋಡೆ ಆಷಾಢದಲ್ಲೂ ಒಣಗಿರುತ್ತದೆ.

ಮಧ್ಯಾಹ್ನ ಮೂರೂವರೆ ಆದಮೇಲೆ ಕೆಲಸ ಸಾಗಲಿಲ್ಲ. ಟಿವಿಯನ್ನು ಸ್ಟೂಲಿನ ಮೇಲಿಟ್ಟುಕೊಂಡು ಆರ್‌ಸಿಬಿ ಮ್ಯಾಚ್ ನೋಡಿದೆವು. ಕೊನೇ ಓವರಲ್ಲಿ ಕರ್ಣ್ ಶರ್ಮಾ ಮೂರು ಸಿಕ್ಸ್ ಬಾರಿಸಿದರೂ ಕೋಲ್ಕತ್ತಾ ಎದುರು ಒಂದೇ ರನ್ನಿಂದ ಸೋತೆವು. ಅಪ್ಪಯ್ಯ ರಾತ್ರಿ ಊಟಕ್ಕೂ ಮಾತಾಡಲಿಲ್ಲ.

ಇನ್ನು ಕೀಲು ಕೂರಿಸಬೇಕು, ಬಾಗಿಲು ಹಾಕಬೇಕು. ಅವಸರ ಇರುವುದು ಅರಗಿನ ಪಾಲಿಶ್‌ಗೆ ಮಾತ್ರ. ಮಳೆ ಹಿಡಿಯುವುದರೊಳಗೆ ಮುಗಿಸಬೇಕು, ತೇವದ ಗಾಳಿಯಲ್ಲಿ ಹಚ್ಚಿದರೆ ಅರಗು ಬಿಳಿಚಿಕೊಳ್ಳುತ್ತದೆ.