ದೀಪ ಆರಿದ್ದು ಏಕೆ ಎಂದು ಕೇಳಬೇಕು

ಹೆಬ್ಬಾಳದ ಮೇಲ್ಸೇತುವೆ ಇಳಿಯುವಾಗ ನಮ್ಮ ಕಾರು ಮುಂದಿನ ವಾಹನಕ್ಕೆ ಗುದ್ದಿ, ಮುಂಭಾಗದ ಎರಡೂ ಏರ್‌ಬ್ಯಾಗ್‌ಗಳು ತೆರೆದುಕೊಂಡವು. ಯಾರಿಗೂ ಪೆಟ್ಟಾಗಲಿಲ್ಲ. ಗ್ಯಾರೇಜಿನವರು ಹೊಸ ಏರ್‌ಬ್ಯಾಗ್ ಕೂರಿಸಿದ ಮೇಲೂ ಮೀಟರಿನಲ್ಲಿ ಏರ್‌ಬ್ಯಾಗಿನ ದೋಷ ಸೂಚಿಸುವ ಕೆಂಪು ದೀಪ ಉರಿಯುತ್ತಲೇ ಇತ್ತು. ಸ್ಕ್ಯಾನರ್‌ನಿಂದ ಅಳಿಸಲು ನೋಡಿದರೆ ದೋಷಸಂಕೇತ ಅಳಿಯಲೇ ಇಲ್ಲ.

ಗೇರ್ ಲಿವರಿನ ಬಳಿ ನೆಲಕ್ಕೆ ಬಿಗಿದಿದ್ದ ಅಂಗೈಯಗಲದ ಕಂಟ್ರೋಲ್ ಮಾಡ್ಯೂಲ್, ಅಂದರೆ ಏರ್‌ಬ್ಯಾಗನ್ನು ಯಾವಾಗ ತೆರೆಯಬೇಕೆಂದು ನಿರ್ಧರಿಸುವ ಪೆಟ್ಟಿಗೆ, ಅಪಘಾತದ ದಾಖಲೆಯನ್ನು ತನ್ನ ಮೆಮೊರಿಯಲ್ಲಿ ಬರೆದುಕೊಂಡು ತನ್ನನ್ನು ತಾನೇ ಬೀಗ ಹಾಕಿಕೊಂಡಿತ್ತು. ಕಾರನ್ನು ಜೆ.ಸಿ. ರಸ್ತೆಯ ಮೆಕ್ಯಾನಿಕ್ ಒಬ್ಬರ ಬಳಿಗೆ ಒಯ್ದೆವು. ಅವರು ಮೊದಲು ಬ್ಯಾಟರಿಯ ತಂತಿ ಬಿಚ್ಚಿ, ಹತ್ತು ನಿಮಿಷ ಸುಮ್ಮನೆ ಕಾದರು. ಬ್ಯಾಟರಿ ಕಳಚಿದರೂ ಏರ್‌ಬ್ಯಾಗ್ ಹಾರಿಸುವಷ್ಟು ವಿದ್ಯುತ್ತು ಒಳಗಿನ ಕೆಪಾಸಿಟರಿನಲ್ಲಿ ಸ್ವಲ್ಪ ಹೊತ್ತು ಉಳಿದಿರುತ್ತದೆ. ಬಳಿಕ ಹಳದಿ ಕನೆಕ್ಟರ್ ಕಳಚಿ, ಪೆಟ್ಟಿಗೆ ತೆರೆದು, ಎಂಟು ಕಾಲಿನ ಸಣ್ಣ ಮೆಮೊರಿ ಚಿಪ್ ತೋರಿಸಿದರು. ಅದರ ಮಾಹಿತಿಯನ್ನು ಲ್ಯಾಪ್‌ಟಾಪಿಗೆ ಪ್ರತಿ ಮಾಡಿಟ್ಟುಕೊಂಡು, ಅಪಘಾತದ ಭಾಗವನ್ನಷ್ಟೇ ತೆಗೆದು ಮತ್ತೆ ಬರೆದರು.

ಆದರೆ ಇದು ಇಡೀ ದುರಸ್ತಿಯಲ್ಲ, ಸಾಮಾನ್ಯವಾಗಿ ಕಾರು ತಯಾರಕರು ಹೇಳುವುದು ಮಾಡ್ಯೂಲನ್ನೇ ಬದಲಿಸಿ ಎಂದು. ಪೆಟ್ಟಿಗೆ ಬಿರುಕು ಬಿಟ್ಟಿದ್ದರೆ ಅಥವಾ ನೀರು ಹೊಕ್ಕಿದ್ದರೆ ಹೀಗೆ ದಾಖಲೆ ಅಳಿಸಿ ರೀಸೆಟ್ ಮಾಡಿಸಲೇಬಾರದು. ಸೀಟ್‌ಬೆಲ್ಟನ್ನು ಎಳೆದು ಬಿಗಿಮಾಡುವ ಪ್ರಿಟೆನ್ಷನರ್ ಕೂಡ ಒಮ್ಮೆ ಸಿಡಿದರೆ ಮುಗಿಯಿತು. ನಮ್ಮ ಕಾರಿನಲ್ಲಿ ಎರಡೂ ಪ್ರಿಟೆನ್ಷನರ್‌ಗಳನ್ನು ಹೊಸದಾಗಿ ಹಾಕಿಸಿದೆವು. ಏರ್‌ಬ್ಯಾಗಿನ ಜಾಗದಲ್ಲಿ ರೆಸಿಸ್ಟರ್ ಎಂಬ ಪುಟ್ಟ ವಿದ್ಯುತ್ ಬಿಡಿಭಾಗ ಸಿಕ್ಕಿಸಿ, ಏರ್‌ಬ್ಯಾಗ್ ಇದೆಯೆಂದು ಮಾಡ್ಯೂಲನ್ನು ನಂಬಿಸಿ ದೀಪ ಆರಿಸಿಕೊಡುವವರೂ ಇದ್ದಾರೆ. ಅದು ಜೀವದ ಜೊತೆ ಮಾಡುವ ವಂಚನೆ.

ಎಲ್ಲವನ್ನೂ ಜೋಡಿಸಿ ಕೀಲಿ ತಿರುಗಿಸಿದಾಗ, ದೀಪ ಕೆಲವು ಸೆಕೆಂಡು ಉರಿದು ಆರಿತು.